ಸಪ್ತಾಪುರದ ಮನಿ ಟ್ಯೂಷನ್: ಪಾಯಿಂಟ್ ಚಾರ್ಜ್ ಲೆಕ್ಕ ಖರೇನ ತಿಳೀತದ್ರಿ, ಆದ್ರ ಅವಸರದವ್ರಿಗೆ ಅಲ್ಲ

ರೇಟಿಂಗ್ ಮೊದಲ ಹೇಳಿಬಿಡ್ತೀನಿ, 5ಕ್ಕ 4. ಆ ಒಂದು ಯಾಕ ಕಡಿಮಿ ಕೊಟ್ಟೆ ಅನ್ನೋದು ಕೆಳಗ ಬರತೈತಿ. ಧಾರವಾಡ ಸಪ್ತಾಪುರದಾಗ ಒಬ್ಬ ರಿಟೈರ್ಡ್ ಲೆಕ್ಚರರ್ ಮನಿ ಮ್ಯಾಲಿನ ಖೋಲ್ಯಾಗ ನಡಸೋ ಫಿಸಿಕ್ಸ್ ಟ್ಯೂಷನ್ ಇದು, ಬೋರ್ಡ್ ಇಲ್ಲ, ಫ್ಲೆಕ್ಸ್ ಇಲ್ಲ, ರ‍್ಯಾಂಕ್ ಬಂದ ಹುಡುಗೂರ ಫೋಟೋನೂ ಇಲ್ಲ, ಹೆಸರು ನಂಬರ್ ಎಲ್ಲೂ ಹಾಕಬ್ಯಾಡ್ರಿ ಅಂತ ಸರ್ ಹೇಳ್ಯಾರ ಹಂಗಾಗಿ ನಾನೂ ಹಾಕೂದಿಲ್ಲ. ಸೆಕೆಂಡ್ ಪಿಯುಸಿ ಫಿಸಿಕ್ಸ್ ಮೊದಲನೇ ಎರಡು ಚಾಪ್ಟರ್ ಅಷ್ಟ ಒಂದು ಬ್ಯಾಚ್, ಅಂದ್ರ ಚಾರ್ಜ್, ಫೀಲ್ಡ್, ಫೋರ್ಸ್, ಆಮ್ಯಾಲೆ ಪೊಟೆನ್ಶಿಯಲ್, ಕೆಪಾಸಿಟರ್. ನಾ ಬರಿಯೋದು ಮೊದಲನೇ ಚಾಪ್ಟರ್ ಬಗ್ಗೆ, ಯಾಕಂದ್ರ ಅದು ಪೂರ್ತಿ ಮುಗದೈತಿ.

ನಾ ಹುಬ್ಬಳ್ಳ್ಯಾಗ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಾಂವ. ವೋಲ್ಟು, ಆಂಪಿಯರು ದಿನಾ ಕೈಯಾಗ ಇರತಾವ, ಆದ್ರ ಈ ಕೂಲಂಬ್, ಅಂದ್ರ ಚಾರ್ಜ್ ಅಳಿಯೋ ಮಾಪಾ, ಅನ್ನೋದರ ಜೋಡಿ ನನಗ ಸಂಬಂಧ ಬಂದಿದ್ದಿಲ್ಲ. ಮಗಳು ಮೊದಲ ಒಂದು ದೊಡ್ಡ ಕೋಚಿಂಗ್‌ಗೆ ಹೋಗ್ತಿದ್ಲು, ಹೆಸರು ಬ್ಯಾಡ, ಅಲ್ಲಿ ಏಸಿ ಐತಿ, ದಪ್ಪ ದಪ್ಪ ಮಾಡ್ಯೂಲ್ ಕೊಡ್ತಾರ, ವಾರಕ್ಕೊಮ್ಮೆ ಟೆಸ್ಟ್, ಟೆಸ್ಟಿನ ಮಾರ್ಕ್ಸ್ ನಮ್ಮ ಮೊಬೈಲ್‌ಗೆ ಬರ್ತಿದ್ವು, ಆದ್ರ ಎರಡು ಚಾರ್ಜ್ ಇದ್ದ ಲೆಕ್ಕ ಬಿಡಸ್ತಿದ್ದ ಹುಡುಗಿ ಮೂರನೇದೊಂದು ಚಾರ್ಜ್ ಇಟ್ಟ ಕೂಡ್ಲೆ ಪೆನ್ ಕೆಳಗಿಡ್ತಿತ್ತು. ಏನವ್ವಾ ಅಂದ್ರ ‘ಪಪ್ಪಾ, ಎಲ್ಲಿ ಪ್ಲಸ್ ಎಲ್ಲಿ ಮೈನಸ್ ಅನ್ನೋದ ಗೊತ್ತಾಗವಲ್ದು’ ಅನ್ನಾಕಿ. ಅಲ್ಲಿ ಕೇಳಿದ್ರ ಫಾರ್ಮುಲಾ ಬಾಯಿಪಾಠ ಮಾಡಸ್ರಿ ಅಂದ್ರು. ಫಾರ್ಮುಲಾ ಅಕಿಗೆ ಬರ್ತಿತ್ರಿ, ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಕೆ ಕ್ಯೂ ಒನ್ ಕ್ಯೂ ಟೂ ಬೈ ಆರ್ ಸ್ಕ್ವೇರ್ ಅಂತಿದ್ಲು (ಕ್ಯೂ ಅಂದ್ರ ಚಾರ್ಜ್, ಆರ್ ಅಂದ್ರ ನಡುವಿನ ದೂರ, ಕೆ ಅಂದ್ರ ಒಂದು ಸ್ಥಿರ ಅಂಕಿ).

ಈ ಸರ್ ಕಡೆ ಮೊದಲನೇ ಕ್ಲಾಸಿನ್ಯಾಗ ಫಾರ್ಮುಲಾ ಹಲಿಗಿ ಮ್ಯಾಲೆ ಬರೀಲೇ ಇಲ್ಲ. ಪಾಲಕರು ಬೇಕಾದ್ರ ಹಿಂದ ಕುಂದರಬಹುದು ಅಂತಾರ, ಇದು ನನಗ ಭಾಳ ಸೇರಿತು, ನಾ ಕುಂತೆ. ಎರಡು ಚುಕ್ಕಿ ಇಟ್ಟು ಒಂದಕ್ಕ ಪ್ಲಸ್ ಇನ್ನೊಂದಕ್ಕ ಪ್ಲಸ್ ಹಾಕಿ, ಎಡಗಡೆ ಚಾರ್ಜಿನ ಮ್ಯಾಲೆ ಫೋರ್ಸ್ ಯಾ ಕಡೆ, ಬಲಗಡೆದ್ರ ಮ್ಯಾಲೆ ಯಾ ಕಡೆ, ಬಾಣ ಎಳೀರಿ ಅಂದ್ರು. ಆಮ್ಯಾಲೆ ಒಂದನ್ನ ಮೈನಸ್ ಮಾಡಿ ಮತ್ತ ಎಳೀರಿ ಅಂದ್ರು. ಆಮ್ಯಾಲೆ ಒಂದರ ಚಾರ್ಜ್ ನಾಕು ಪಟ್ಟು ಮಾಡಿ, ಈಗ ಯಾರ ಮ್ಯಾಲೆ ಫೋರ್ಸ್ ಜಾಸ್ತಿ ಹೇಳ್ರಿ ಅಂದಾಗ ಅರ್ಧಕ್ಕರ್ಧ ಹುಡುಗೂರು ದೊಡ್ಡ ಚಾರ್ಜ್‌ನ ಹೆಸರು ಹೇಳಿದ್ವು, ಇಬ್ಬರ ಮ್ಯಾಲೂ ಸಮಾ ಸಮಾ ಫೋರ್ಸ್ ಅನ್ನೋದು ಅಲ್ಲಿ ಒಂದೀಟು ಗದ್ದಲ ಆಗಿ ತಿಳೀತು. ಅವರ ಒಂದ ಒಂದು ಕಟ್ಟುನಿಟ್ಟು ಅಂದ್ರ ಚಾರ್ಜಿನ ಮೈನಸ್ ಚಿನ್ನೆ ಫಾರ್ಮುಲಾದೊಳಗ ಹೋಗಬಾರ್ದು. ಚಿನ್ನೆ ನೋಡಿ ಬಾಣ ಎಳೀಬೇಕು, ಅಂಕಿ ಅಷ್ಟ ಫಾರ್ಮುಲಾಕ್ಕ ಹಾಕಬೇಕು, ಕಡೀಕ ಬಾಣಗಳನ್ನ ಕೂಡಸಬೇಕು. ಮೈನಸ್ಸನ್ನ ಚಿತ್ರದಾಗೂ ಲೆಕ್ಕಾ ಹಿಡದು ಫಾರ್ಮುಲಾದಾಗೂ ಹಾಕಿದ್ರ ಎರಡು ಸಲ ತಿರುಗಿ ಉತ್ತರ ಉಲ್ಟಾ ಬರತೈತಿ, ನನ್ನ ಮಗಳಿಗೆ ಆಗ್ತಿದ್ದದ್ದು ಇದ ನೋಡ್ರಿ. ಒಂದು ವರ್ಷದ ಫೀ ತುಂಬಿದಲ್ಲಿ ಇದನ್ನ ಯಾರೂ ಹಿಡದು ತೋರಸಲಿಲ್ಲ.

ಒಂದು ಲೆಕ್ಕ ಹೆಂಗ ನಡೀತೈತಿ ಅಂತ ಬರೀತೀನಿ, ಓದಿದ್ರ ನಿಮಗ ಕ್ಲಾಸಿನ ಧಾಟಿ ತಿಳೀತೈತಿ. 2 ಮೈಕ್ರೋ ಕೂಲಂಬ್ ಒಂದು, 8 ಮೈಕ್ರೋ ಕೂಲಂಬ್ ಒಂದು, ಎರಡೂ ಪ್ಲಸ್, ನಡುವ 30 ಸೆಂಟಿಮೀಟರ್. ಮೊದಲ ಸೆಂಟಿಮೀಟರ್‌ನ ಮೀಟರ್ ಮಾಡ್ರಿ, 0.3, ಅದರ ಸ್ಕ್ವೇರ್ 0.09. ಮೈಕ್ರೋ ಅಂದ್ರ 10ರ ಪವರ್ ಮೈನಸ್ 6, ಎರಡು ಮೈಕ್ರೋ ಗುಣಿಸಿದ್ರ ಮೈನಸ್ 12, ಇಲ್ಲೇ ಅರ್ಧ ಮಂದಿ ಮೈನಸ್ 6 ಬರದು ಮುಂದ ಹೋಗಿಬಿಡ್ತಾರ. ಕೆ ಅಂದ್ರ 9 ಇಂಟು 10ರ ಪವರ್ 9. ಎಲ್ಲಾ ಹಾಕಿದ್ರ ಫೋರ್ಸ್ 1.6 ನ್ಯೂಟನ್. ಉತ್ತರ ಬಂತಲ್ಲ ಮುಂದಿನ ಲೆಕ್ಕ ಅನ್ನಂಗಿಲ್ಲ, 1.6 ನ್ಯೂಟನ್ ಅಂದ್ರ ಎಷ್ಟು ಅಂತ ಕೇಳ್ತಾರ. 160 ಗ್ರಾಮಿನ ಆಸುಪಾಸು ತೂಕ, ಪಾವ್ ಕಿಲೋ ಪೇಡೆದ ಪಾಕೀಟು ಕೈಯಾಗ ಹಿಡದ್ರ ಆಗೋ ಭಾರದ ಮೂರರಾಗ ಎರಡು ಪಾಲಿನಷ್ಟು. ಒಬ್ಬ ಹುಡುಗ ಮೀಟರ್ ಮಾಡೋದ ಬಿಟ್ಟು 30ನ್ನ ಹಂಗ ಹಾಕಿದ್ದ, ಅವನ ಉತ್ತರ ಹತ್ತು ಸಾವಿರ ಪಟ್ಟು ಸಣ್ಣದು, ‘ತಮ್ಮಾ, ಇಷ್ಟು ಫೋರ್ಸ್ ಸೊಳ್ಳಿಗೂ ತಿಳಿಯೂದಿಲ್ಲೋ’ ಅಂದ್ರು ಸರ್, ಎಲ್ಲಾರೂ ನಕ್ರು.

ಆಮ್ಯಾಲೆ ಇದ ಲೆಕ್ಕದ ಮ್ಯಾಲ ಫೀಲ್ಡ್ ಹಿಡದ್ರು. ಈ ಎರಡು ಚಾರ್ಜ್ ನಟ್ಟನಡುವ, ಅಂದ್ರ 15 ಸೆಂಟಿಮೀಟರ್‌ನ್ಯಾಗ ಒಂದು ಸಣ್ಣ ಚಾರ್ಜ್ ಇಟ್ರ ಎಷ್ಟು ಫೋರ್ಸ್ ಅಂತ ಪ್ರಶ್ನೆ. ಒಂದು ನ್ಯಾನೋ ಕೂಲಂಬ್ (ನ್ಯಾನೋ ಅಂದ್ರ 10ರ ಪವರ್ ಮೈನಸ್ 9) ಇಟ್ರ ಒಂದು ಉತ್ತರ, 5 ಇಟ್ರ ಇನ್ನೊಂದು, ಮೈನಸ್ ಇಟ್ರ ಮತ್ತೊಂದು, ಪ್ರತಿಸಲ ಮೊದಲಿಂದ ಮಾಡ್ಕೋತ ಕುಂದರ್ತೀರೇನು ಅಂತ ಕೇಳಿ, ಆ ಜಾಗಾದ ಫೀಲ್ಡ್, ಅಂದ್ರ ಅಲ್ಲಿ ಒಂದು ಕೂಲಂಬಿಗೆ ಬೀಳೋ ಫೋರ್ಸ್, ಒಮ್ಮೆ ತಗೀರಿ ಅಂದ್ರು. 2ರದ್ದು ಅಲ್ಲಿ 8 ಲಕ್ಷ ನ್ಯೂಟನ್ ಪರ್ ಕೂಲಂಬ್, 8ರದ್ದು 32 ಲಕ್ಷ, ಎರಡೂ ಎದುರಾಬದುರಾ ಬಾಣ, ಕಳದ್ರ 24 ಲಕ್ಷ, ದಿಕ್ಕು 2 ಮೈಕ್ರೋ ಚಾರ್ಜಿನ ಕಡೆ. ಈಗ ಅಲ್ಲಿ ಏನ ಇಡ್ರಿ, ಅದರ ಚಾರ್ಜಿಂದ ಗುಣಿಸೋದು ಅಷ್ಟ. 1 ನ್ಯಾನೋ ಇಟ್ರ 0.0024 ನ್ಯೂಟನ್, 5 ನ್ಯಾನೋ ಇಟ್ರ ಅದರ ಐದು ಪಟ್ಟು, ಮೈನಸ್ ಇಟ್ರ ಅಷ್ಟ ಫೋರ್ಸ್ ಉಲ್ಟಾ ದಿಕ್ಕಿಗೆ. ಫೀಲ್ಡ್ ಅನ್ನೋದು ಯಾಕ ಬೇಕು, ಫೋರ್ಸ್ ಇತ್ತಲ್ಲ ಅಂತ ನನಗ ಮೊದಲಿಂದ ಇದ್ದ ಡೌಟ್ ಇದರಿಂದ ಹೋತು. ಜಾಗಾದ ಗುಣ ಬ್ಯಾರೆ, ಅಲ್ಲಿ ಬಂದು ಕುಂತಾವನ ಚಾರ್ಜ್ ಬ್ಯಾರೆ.

ಫೀಲ್ಡ್ ಸೊನ್ನೆ ಆಗೋ ಪಾಯಿಂಟ್ ಹುಡುಕೋ ಲೆಕ್ಕ ಇವರ ಕ್ಲಾಸಿನ ಜೀವಾ ಅಂತೀನಿ ನಾ. ಎಕ್ಸ್ ಹಿಡದು ಈಕ್ವೇಷನ್ ಬರಿಯೋಕ್ಕಿಂತ ಮೊದಲ ಎಲ್ಲಿ ಇರಬಹುದು ಅಂತ ಬಾಯಿಲೆ ಹೇಳಬೇಕು. ಎರಡೂ ಪ್ಲಸ್ ಇದ್ರ ನಡುವ, ಅದೂ ಸಣ್ಣ ಚಾರ್ಜಿನ ಹತ್ರ. ಲೆಕ್ಕ ಮಾಡಿದ್ರ 2 ಮೈಕ್ರೋದಿಂದ 10 ಸೆಂಟಿಮೀಟರ್, ಅಲ್ಲಿ ಎರಡರದ್ದೂ ಫೀಲ್ಡ್ 18 ಲಕ್ಷ, ಬರೋಬ್ಬರಿ ಹೊಡದಾಡಿ ಸೊನ್ನೆ. ಈಗ 8ನ್ನ ಮೈನಸ್ 8 ಮಾಡ್ರಿ, ಸೊನ್ನೆ ಎಲ್ಲಿ? ನಡುವ ಎರಡೂ ಬಾಣ ಒಂದ ಕಡೆ ಹೊಂಟಾವ, ಅಲ್ಲಿ ಸೊನ್ನೆ ಆಗೋ ಮಾತ ಇಲ್ಲ. ದೊಡ್ಡ ಚಾರ್ಜಿನ ಆಚೆ ಕಡೆ ಹ್ವಾದ್ರ ದೊಡ್ಡದು ಹತ್ರಾನೂ ಇರತೈತಿ ದೊಡ್ಡದೂ ಇರತೈತಿ, ಸಣ್ಣದು ಅದನ್ನ ಎಂದೂ ತಡಿಯಂಗಿಲ್ಲ. ಅಂದ್ರ ಉಳದದ್ದು ಸಣ್ಣ ಚಾರ್ಜಿನ ಹೊರಗಿನ ಕಡೆ ಒಂದ, ಲೆಕ್ಕದಾಗ ಅದು 30 ಸೆಂಟಿಮೀಟರ್ ದೂರ ಬರತೈತಿ. ಈಕ್ವೇಷನ್ ಬಿಡಸಿದ್ರ ಎಕ್ಸ್‌ಗೆ ಎರಡು ಉತ್ತರ ಬರ್ತಾವಲ್ಲ, ಯಾವುದನ್ನ ಒಗೀಬೇಕು ಯಾವುದನ್ನ ಇಟ್ಕೋಬೇಕು ಅಂತ ಮಗಳು ಮೊದಲ ಚೀಟಿ ಎತ್ತಿದಂಗ ಆರಿಸ್ತಿದ್ಲು, ಈಗ ಮೊದಲ ಬೆರಳಿಟ್ಟು ತೋರಸ್ತಾಳ ಆಮ್ಯಾಲೆ ಲೆಕ್ಕ ಮಾಡ್ತಾಳ.

ಇಲ್ಲೇ ಒಂದು ಮಜಾ ಆತ್ರಿ, ಇದನ್ನ ಬರೀಲೇಬೇಕು. ಆ ಮೈನಸ್ 8 ಲೆಕ್ಕದಾಗ, 10 ಸೆಂಟಿಮೀಟರ್ ಪಾಯಿಂಟಿನ್ಯಾಗ ಫೀಲ್ಡ್ ಕೂಡಿ 36 ಲಕ್ಷ ಆತು. ಸರ್ ಚಾಕ್‌ಪೀಸ್ ಕೆಳಗಿಟ್ಟು ‘ಈ ಲೆಕ್ಕ ಸುಳ್ಳ ಐತಿ’ ಅಂದ್ರು. ಹುಡುಗೂರೆಲ್ಲಾ ನೋಟ್‌ಬುಕ್ ತಿರುವ್ಯಾಡಾಕತ್ವು. ಲೆಕ್ಕ ತಪ್ಪಿಲ್ಲ, ಆದ್ರ ಒಣ ಗಾಳಿ ಸುಮಾರು 30 ಲಕ್ಷ ವೋಲ್ಟ್ ಪರ್ ಮೀಟರ್‌ತನಕ ಅಷ್ಟ ತಡೀತೈತಿ, ಅದರ ಮ್ಯಾಲ ಹ್ವಾದ್ರ ಗಾಳಿನ ಒಡದು ಕಿಡಿ ಹಾರತೈತಿ, ನ್ಯೂಟನ್ ಪರ್ ಕೂಲಂಬ್ ಅಂದ್ರೂ ವೋಲ್ಟ್ ಪರ್ ಮೀಟರ್ ಅಂದ್ರೂ ಒಂದ. ಹಂಗಾದ್ರ 1 ಸೆಂಟಿಮೀಟರ್ ರೇಡಿಯಸ್ ಇರೋ ಗುಂಡಿನ ಮ್ಯಾಲ ಜಾಸ್ತೀಲೆ ಜಾಸ್ತಿ ಎಷ್ಟು ಚಾರ್ಜ್ ನಿಲ್ಲತೈತಿ ತಗೀರಿ ಅಂದ್ರು. ಫಾರ್ಮುಲಾ ತಿರುವಿ ಹಾಕಿದ್ರ ಬಂದದ್ದು 33 ನ್ಯಾನೋ ಕೂಲಂಬ್. ಅಂದ್ರ ಪುಸ್ತಕದಾಗ 2 ಮೈಕ್ರೋ, 8 ಮೈಕ್ರೋ, 10 ಮೈಕ್ರೋ ಅಂತ ಆರಾಮ ಬರೀತಾರಲ್ಲ, ಅವನ್ನ ಗ್ವಾಲಿಯಷ್ಟು ಗುಂಡಿನ ಮ್ಯಾಲ ಗಾಳ್ಯಾಗ ಇಡಾಕ ಆಗೂದ ಇಲ್ಲ. ಇನ್ನ ಒಂದು ಕೂಲಂಬ್, ಒಂದು ಕೂಲಂಬ್ ಒಂದು ಮೀಟರ್ ದೂರ ಇಟ್ರ 900 ಕೋಟಿ ನ್ಯೂಟನ್, ಅದಂತೂ ಹಾಳಿ ಮ್ಯಾಲ ಅಷ್ಟ.

ನಾ ಹಿಂದಿಂದ ಕೈ ಎತ್ತಿದೆ. ನಮ್ಮ ಪಂಪ್ ಮೋಟರಿನ 36 ಮೈಕ್ರೋ ಫ್ಯಾರಡ್ ಕೆಪಾಸಿಟರ್, 230 ವೋಲ್ಟ್ ಲೈನಿಗೆ ಹಚ್ಚಿ ತಗದ್ರ ಪೀಕ್ 325 ವೋಲ್ಟ್‌ತನಕ ತುಂಬಿ ಕುಂತಿರಬಹುದು, ಗುಣಾಕಾರ ಮಾಡಿದ್ರ 11,700 ಮೈಕ್ರೋ ಕೂಲಂಬ್, ಅದು ಮುಷ್ಟ್ಯಾಗ ಹಿಡಿಯೋ ಡಬ್ಬಿ, ಅಲ್ಲಿ ಹೆಂಗ ನಿಲ್ಲತೈತ್ರಿ ಸರ್ ಅಂದೆ. ‘ಭಾಳ ಚಲೋ ಕೇಳಿದ್ರಿ ಯಜಮಾನ್ರ’ ಅಂದು ಅರ್ಧಾ ತಾಸು ಅದರ ಮ್ಯಾಲ ಹೋತು. ಡಬ್ಬಿಯೊಳಗ ಎಷ್ಟು ಪ್ಲಸ್ ಐತೋ ಅಷ್ಟ ಮೈನಸ್ ಅದರ ಮುಂದ ತೆಳ್ಳನ ಪ್ಲಾಸ್ಟಿಕ್ ಫಿಲ್ಮ್ ಬಿಟ್ಟು ಕುಂತೈತಿ, ಒಟ್ಟು ಡಬ್ಬಿ ಲೆಕ್ಕಕ್ಕ ಸೊನ್ನೆ, ಹಂಗಾಗಿ ಹೊರಗ ಫೀಲ್ಡ್ ಹೇಳೂವಷ್ಟು ಇಲ್ಲ, ಫೀಲ್ಡ್ ಎಲ್ಲಾ ಆ ಫಿಲ್ಮಿನೊಳಗ, ಫಿಲ್ಮ್ ಗಾಳಿಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತಡೀತೈತಿ. ಒಂದ ನಮೂನಿ ಚಾರ್ಜ್ ಒಬ್ಬಂಟಿ ಗುಡ್ಡಿ ಹಾಕೋದು ಕಷ್ಟ, ಎದುರಾಳಿ ಬಾಜೂಕ ಇದ್ರ ಸುಲಭ. ಇಷ್ಟು ವರ್ಷ ಸ್ಕ್ರೂಡ್ರೈವರ್ ಹಿಡದು ಟಪ್ ಅಂತ ಡಿಸ್ಚಾರ್ಜ್ ಮಾಡ್ಕೋತ ಬಂದೀನಿ, ಯಾಕ ಅನ್ನೋದು ಅವತ್ತ ತಿಳೀತು. ಅಂದಂಗ ಸ್ಕ್ರೂಡ್ರೈವರಿಂದ ಮಾಡಬ್ಯಾಡ್ರಿ, ಬಲ್ಬ್ ಇಲ್ಲಾ ರೆಸಿಸ್ಟರ್ ಹಚ್ಚಿ ಮಾಡ್ರಿ ಅಂತ ಬೈದ್ರು ಕೂಡ.

ಪ್ರಯೋಗ ಒಂದ ಒಂದು ಮಾಡಿ ತೋರಸ್ತಾರ ಆದ್ರ ಅದನ್ನ ಪೂರ್ತಿ ಹಿಂಡ್ತಾರ. ಲಗ್ನದ ಡೆಕೋರೇಷನ್‌ಗೆ ತರೋ ಥರ್ಮಾಕೋಲ್ ಗುಂಡು ಎರಡು, 30 ಸೆಂಟಿಮೀಟರ್ ದಾರಕ್ಕ ಕಟ್ಟಿ ಒಂದ ಮೊಳಿಗೆ ಜೋತು ಬಿಟ್ಟು, ಉಲ್ಲನ್ ಸ್ವೆಟರಿಗೆ ತಿಕ್ಕಿದ್ರ ಒಂದಕ್ಕೊಂದು ದೂರ ಸರೀತಾವ. ಹಿಂದ ಗ್ರಾಫ್ ಶೀಟ್ ಅಂಟಿಸಿರ್ತಾರ, ಅಳದ್ರ ನಡುವ 6 ಸೆಂಟಿಮೀಟರ್. ಗುಂಡಿನ ತೂಕ? ಹತ್ತು ಗುಂಡು ಕೂಡಿಸಿ ಪತ್ತಾರರ ಡಿಜಿಟಲ್ ತಕ್ಕಡ್ಯಾಗ ಹಾಕಿಸಿಕೊಂಡು ಬಂದಿದ್ರು, 1 ಗ್ರಾಮ್, ಅಂದ್ರ ಒಂದು 0.1 ಗ್ರಾಮ್. ಒಂದೊಂದು ಗುಂಡು ನಡುಗೆರಿಯಿಂದ 3 ಸೆಂಟಿಮೀಟರ್ ಸರದೈತಿ, ದಾರ 30, ಹಂಗಾಗಿ ಅಡ್ಡ ತಳ್ಳೋ ಫೋರ್ಸ್ ತೂಕದ ಹತ್ತನೇ ಒಂದು ಪಾಲು, ಸುಮಾರು 10ರ ಪವರ್ ಮೈನಸ್ 4 ನ್ಯೂಟನ್. ಅದನ್ನ ಕೂಲಂಬ್ ಫಾರ್ಮುಲಾಕ್ಕ ಹಾಕಿ, ಎರಡರ ಮ್ಯಾಲೂ ಸಮಾ ಚಾರ್ಜ್ ಅಂತ ಹಿಡದ್ರ, ಒಂದರ ಮ್ಯಾಲ ಸುಮಾರು 6 ನ್ಯಾನೋ ಕೂಲಂಬ್. ಒಂದು ಎಲೆಕ್ಟ್ರಾನಿನ ಚಾರ್ಜ್ 1.6 ಇಂಟು 10ರ ಪವರ್ ಮೈನಸ್ 19, ಭಾಗಿಸಿದ್ರ ಸ್ವೆಟರಿಂದ ಆ ಗುಂಡಿಗೆ ಬಂದದ್ದು 4,000 ಕೋಟಿ ಹತ್ರ ಹತ್ರ ಎಲೆಕ್ಟ್ರಾನ್. ಸ್ಕೇಲು, ದಾರ, ತಕ್ಕಡಿ ಇಷ್ಟರಾಗ ಎಲೆಕ್ಟ್ರಾನ್ ಎಣಿಸಿದ್ವಿ! ಹುಡುಗೂರ ಮುಖಾ ನೋಡಬೇಕಿತ್ತು ನೀವು. ಆದ್ರ ಒಂದು, ಧಾರವಾಡದ ಮಳಿಗಾಲದಾಗ ಇದು ನಡಿಯೂದಿಲ್ಲ, ಜಿಟಿಜಿಟಿ ಮಳಿ ಹತ್ತಿದ್ರ ಎಲ್ಲಾದ್ರ ಮ್ಯಾಲೂ ಪಸೆ ಕುಂತು ಚಾರ್ಜ್ ಸೋರಿ ಹೋಕ್ಕೈತಿ, ಜುಲೈದಾಗ ಮಾಡಾಕ ಹೋಗಿ ಗುಂಡು ಸುಮ್ಮನ ಜೋತು ಬಿದ್ದಿದ್ವಂತ, ನಮ್ಮ ಬ್ಯಾಚಿಗೆ ಬಿಸಿಲು ಬಿದ್ದ ದಿನಾ ನೋಡಿ ಮಾಡಿದ್ರು.

ಮೂರು ಚಾರ್ಜ್ ಲೆಕ್ಕಕ್ಕ ಬಂದಾಗ ಮಗಳ ಖರೇ ಪರೀಕ್ಷಾ. ಸಮಬಾಹು ತ್ರಿಕೋನ, ಒಂದೊಂದು ಬಾಜು 10 ಸೆಂಟಿಮೀಟರ್, ಮೂಲಿಗೊಂದು 1 ಮೈಕ್ರೋ. ಒಂದೊಂದು ಜೋಡಿ ಫೋರ್ಸ್ 0.9 ನ್ಯೂಟನ್. ಒಂದು ಚಾರ್ಜಿನ ಮ್ಯಾಲ ಎರಡು ಫೋರ್ಸ್, ಕೂಡಿಸಿ 1.8 ಅಂತ ಬರದ್ರ ಮುಗೀತು ಮಾರ್ಕ್ಸ್ ಹೋದ್ವು, ಬಾಣದ ನಡುವ 60 ಡಿಗ್ರಿ ಐತಿ, ರೂಟ್ 3 ಪಟ್ಟು, 1.56 ನ್ಯೂಟನ್, ದಿಕ್ಕು ತ್ರಿಕೋನದ ಹೊರಗ. ಕೆಳಗಿನ ಎರಡರಾಗ ಒಂದನ್ನ ಮೈನಸ್ ಮಾಡಿದ್ರ ಮ್ಯಾಲಿನದ್ದಕ್ಕ ಒಂದು ತಳ್ಳತೈತಿ ಒಂದು ಎಳೀತೈತಿ, ನಡುವ 120 ಡಿಗ್ರಿ, ರಿಸಲ್ಟಂಟ್ ವಾಪಸ್ 0.9 ಬಂದು ಕೆಳಗಿನ ಬಾಜೂಕ ಪ್ಯಾರಲಲ್ ಆಗಿ ನಿಲ್ಲತೈತಿ. ಇದನ್ನ ಮಗಳು ಹಲಿಗಿ ಮ್ಯಾಲ ಹೋಗಿ ತಾನ ಮಾಡಿದ್ಲು, ಬಾಣ ಮೊದಲು ಅಂಕಿ ಆಮ್ಯಾಲೆ, ಎಲ್ಲೂ ನಿಲ್ಲಲಿಲ್ಲ.

ನಡುನಡುವ ಕಥಿನೂ ಬರ್ತಾವ. ಕೂಲಂಬ್ ಅಂದ್ರ ಫ್ರಾನ್ಸಿನ ಮಿಲಿಟರಿ ಇಂಜಿನಿಯರ್, ಮಾರ್ಟಿನಿಕ್ ಅನ್ನೋ ದ್ವೀಪದಾಗ ಕೋಟೆ ಕಟ್ಟಸಿದಾಂವ, 1785ರಾಗ ತೆಳ್ಳನ ತಂತಿ ತಿರುಚೋ ತಕ್ಕಡಿ ಮಾಡಿ ದೂರ ಹೆಚ್ಚಾದಂಗ ಫೋರ್ಸ್ ಹೆಂಗ ಕಡಿಮಿ ಆಗತೈತಿ ಅಂತ ಅಳದ. ಅವನಕಿಂತ ಮೊದಲ ಇಂಗ್ಲೆಂಡಿನ ಕ್ಯಾವೆಂಡಿಶ್ ಇದನ್ನ ಕಂಡಿದ್ದ, ಆದ್ರ ಛಾಪಿಸದ ಮನ್ಯಾಗ ಇಟ್ಕೊಂಡಿದ್ದ, ನೂರು ವರ್ಷ ಆದಮ್ಯಾಲೆ 1879ರಾಗ ಮ್ಯಾಕ್ಸ್‌ವೆಲ್ ಅವನ ಕಾಗದಪತ್ರ ಹೊರಗ ತಂದ. ನೋಟ್ಸ್ ಬರದ್ರ ಸಾಲದು ಪೇಪರ್‌ನ್ಯಾಗ ಬರೀಬೇಕು ಅಂತ ಹುಡುಗೂರಿಗೆ ಚುಚ್ಚಾಕ ಈ ಕಥಿ ಹೇಳ್ತಾರ ಅಂತ ನನ್ನ ಅನುಮಾನ.

ಈಗ ಆ ಒಂದು ಸ್ಟಾರ್ ಎಲ್ಲಿ ಹೋತು ಅಂತ ಹೇಳ್ತೀನಿ. ಮೊದಲನೇದ್ದು, ಸ್ಪೀಡ್ ಇಲ್ಲ. ಸಿಇಟಿ ಫಿಸಿಕ್ಸ್ ಅಂದ್ರ 80 ನಿಮಿಷದಾಗ 60 ಪ್ರಶ್ನೆ, ಒಂದಕ್ಕ ಒಂದು ನಿಮಿಷ 20 ಸೆಕೆಂಡ್ ಸಿಗತೈತಿ, ಇಲ್ಲಿ ಒಂದು ಲೆಕ್ಕಕ್ಕ ಒಂದು ಸಂಜಿ ಹೋಕ್ಕೈತಿ. ಆಪ್ಷನ್ ನೋಡಿ ಒಗಿಯೋದು, ರೇಷಿಯೋದಾಗ ಲೆಕ್ಕ ಮಾಡೋದು ಇಂಥಾವೆಲ್ಲಾ ಕೇಳಿದ್ರ ‘ಅದಕ್ಕ ಬ್ಯಾರೆ ಅಂಗಡಿ ಅದಾವು’ ಅಂತಾರ, ನಮಗೂ ಬೇಕಲ್ರೀ ಸರ್, ಬೋರ್ಡ್ ಎಕ್ಸಾಮ್ ಒಂದ ಬರದ್ರ ಸೀಟ್ ಸಿಗತೈತೇನು. ಕ್ಯಾಲ್ಕುಲೇಟರ್ ಮುಟ್ಟಿಸಿಕೊಡಂಗಿಲ್ಲ, ಇದನ್ನ ಕೆಲವು ಪಾಲಕರು ಗೊಣಗಿದ್ರು, ಆದ್ರ ಸಿಇಟಿಯೊಳಗೂ ಬಿಡೂದಿಲ್ಲ ಅದಕ್ಕ ನನಗದು ಬರೋಬ್ಬರಿ ಅನಸ್ತು. ಎರಡನೇದ್ದು ಡೈಪೋಲ್, ಅಂದ್ರ ಒಂದು ಪ್ಲಸ್, ಅಷ್ಟ ಮೈನಸ್, ಹತ್ರ ಹತ್ರ ಇಟ್ಟ ಜೋಡಿ. ಅಕ್ಷದ ಮ್ಯಾಲಿನ ಫೀಲ್ಡ್ ಡೆರಿವೇಷನ್ ಬೋರ್ಡಿಗೆ ಮುಖ್ಯ, ಅದನ್ನ ಗಡಿಬಿಡಿಲೆ ಮುಗಿಸಿದ್ರು, ದೂರದಾಗ ಅಕ್ಷದ ಮ್ಯಾಲಿನದ್ದು ಅಡ್ಡಗೆರಿ ಮ್ಯಾಲಿನದ್ದಕ್ಕ ಎರಡು ಪಟ್ಟು, ಆರ್ ಕ್ಯೂಬಿನಂಗ ಇಳೀತೈತಿ ಅಂತ ಹೇಳಿ ಉಳದದ್ದು ಮನ್ಯಾಗ ಮಾಡ್ರಿ ಅಂದ್ರು, ಹುಡುಗೂರು ಮನ್ಯಾಗ ಮಾಡೋದು ಎಷ್ಟು ಅಂತ ನಮಗ ಗೊತ್ತಿಲ್ಲೇನು. ಪ್ರಿಂಟೆಡ್ ನೋಟ್ಸ್ ಏನೂ ಕೊಡೂದಿಲ್ಲ. ಹೊಲದ ಕೆಲಸಕ್ಕ ಊರಿಗೆ ಹ್ವಾದ್ರ ಕ್ಲಾಸ್ ಇಲ್ಲ, ಅದೂ ಮಧ್ಯಾಹ್ನ ಮೆಸೇಜ್ ಹಾಕ್ತಾರ, ನಾವು ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿದಮ್ಯಾಲೆ ಮೆಸೇಜ್ ಬಂದದ್ದೂ ಐತಿ. ಮತ್ತ ಆ ಮ್ಯಾಲಿನ ಖೋಲಿ, ಜಿನಿ ಕಡಿದು ಐತಿ, ಸಂಜಿ ಆತಂದ್ರ ಸೊಳ್ಳಿ, ಕರೆಂಟ್ ಹ್ವಾದ್ರ ಇನ್ವರ್ಟರ್ ಒಂದು ಟ್ಯೂಬ್‌ಲೈಟಿಗೆ ಅಷ್ಟ.

ಫೀ ಬಗ್ಗೆ ಕೇಳ್ತೀರಿ ಅಂತ ಗೊತ್ತೈತಿ. ಎರಡು ಚಾಪ್ಟರ್ ಕೂಡಿ 1,500 ರೂಪಾಯಿ, ಮೊದಲನೇ ಕ್ಲಾಸ್ ಕುಂತು ನೋಡಿ ಸೇರದಿದ್ರ ಕೊಡೋದು ಬ್ಯಾಡ. ಕನ್ನಡ ಮೀಡಿಯಂನಿಂದ ಬಂದು ಪಿಯು ಸೈನ್ಸಿನ ಇಂಗ್ಲಿಷಿಗೆ ಗಾಬರಿ ಆದ ಹುಡುಗೂರಿಗೆ ಇದು ಭಾಳ ಚಲೋ, ಸರ್ ನಮ್ಮ ಮಾತಿನ್ಯಾಗ ಹೇಳ್ತಾರ, ಬರಿಯೋದು ಮಾತ್ರ ಇಂಗ್ಲಿಷಿನ್ಯಾಗ ಬರಸ್ತಾರ. ಕಾಲೇಜಿನ್ಯಾಗ ಮೊದಲ ಚಾಪ್ಟರಿಗೆ ಕೈಕಾಲು ಬಿಟ್ಟವರು, ವೆಕ್ಟರ್ ಅಂದ್ರ ಓಡಿ ಹೋಗೋರು ಹೋಗ್ರಿ. ಈಗಾಗಲೇ ಲೆಕ್ಕ ಬಿಡಸಾಕ ಬರತೈತಿ, ನೀಟ್‌ಗೆ ಪ್ರಾಕ್ಟೀಸ್ ಬೇಕು ಅನ್ನೋರು ಹೋಗಬ್ಯಾಡ್ರಿ, ಬ್ಯಾಸರಾಗತೈತಿ ನಿಮಗ. ನಾವು ಸಿಇಟಿ ಪ್ರಾಕ್ಟೀಸಿಗೆ ಬ್ಯಾರೆ ಟೆಸ್ಟ್ ಸೀರೀಸ್ ತಗೊಂಡೀವಿ, ಇಲ್ಲಿ ತಿಳ್ಕೊಂಡು ಅಲ್ಲಿ ಓಡೋದು.

ಹೋಗೋದಿದ್ರ ಕಾಲೇಜು ಚಾಲೂ ಆದ ಕೂಡ್ಲೆ ಹೋಗಿ ಕೇಳ್ರಿ, ಬ್ಯಾಚಿಗೆ ಹನ್ನೆರಡು ಮಂದಿಕ್ಕಿಂತ ಜಾಸ್ತಿ ಹಚ್ಕೊಳೂದಿಲ್ಲ. ಹುಬ್ಬಳ್ಳಿಯವ್ರು ಜುಬಿಲಿ ಸರ್ಕಲ್‌ಗೆ ಇಳದು ಆಟೋ ಹಿಡೀರಿ, ಸ್ವಂತ ಗಾಡಿ ಒಯ್ಯಬ್ಯಾಡ್ರಿ, ಆ ಓಣ್ಯಾಗ ಸಂಜಿ ಹೊತ್ತು ಸ್ಕೂಟರ್ ನಿಲ್ಲಸಾಕೂ ಜಾಗಾ ಇಲ್ಲ. ಸೊಳ್ಳಿ ಸಲುವಾಗಿ ಫುಲ್ ತೋಳಿನ ಅಂಗಿ ಹಾಕ್ಕೊಂಡು ಹೋಗ್ರಿ, ಗ್ರಾಫ್ ಹಾಳಿ, ಸ್ಕೇಲು, ಪ್ರೊಟ್ರ್ಯಾಕ್ಟರ್ ತಗೊಂಡು ಹೋಗ್ರಿ, ಇಲ್ಲಂದ್ರ ಮೊದಲನೇ ದಿನಾನ ವಾಪಸ್ ಕಳಸ್ತಾರ.